ನಡಕೊಂಡು ಹೋದ ಅಜ್ಜಿ ನಡಕೊಂಡೇ ಮನೆಗೆ ಬರಲು: ಆಸ್ಪತ್ರೆಯಲ್ಲಿ ಹಿರಿಯರನ್ನು ಓಡಾಡಿಸುವ ಕ್ರಮ

"ಜ್ವರ ಇಳಿದಿದೆ, ಕಫ ಕಡಿಮೆ ಆಗಿದೆ, ನಾಳೆ ಡಿಸ್ಚಾರ್ಜ್ ಅಂದಿದಾರೆ. ಆದ್ರೆ ಅಜ್ಜಿಗೆ ಎದ್ದು ನಿಲ್ಲಕ್ಕೇ ಆಗ್ತಿಲ್ಲ. ಬರೋವಾಗ ಆಟೋ ಇಳಿದು ತಾವೇ ನಡಕೊಂಡು ಬಂದಿದ್ರು. ಈಗೇನು ಮಾಡೋದು?"

ಜಗಳೂರು, ಚನ್ನಗಿರಿ, ಹೊಸದುರ್ಗ, ಚಳ್ಳಕೆರೆ ಕಡೆಯಿಂದ ದಾವಣಗೆರೆ ಅಥವಾ ಚಿತ್ರದುರ್ಗದ ಆಸ್ಪತ್ರೆಗೆ ಹಿರಿಯರನ್ನು ಕರೆತರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ತಡವಾಗಿರುತ್ತದೆ ಅನ್ನುವುದೇ ತೊಂದರೆ. ಡಿಸ್ಚಾರ್ಜ್ ದಿನ ಕೇಳುವ ಈ ಪ್ರಶ್ನೆಯನ್ನು ದಾಖಲಾದ ದಿನವೇ ಕೇಳಬೇಕು.

ಕಾರಣ ಸರಳ. ವಯಸ್ಸಾದವರ ಕಾಲಿನ ಸ್ನಾಯು ಮಲಗಿದಲ್ಲೇ ಕರಗುತ್ತದೆ, ಅದೂ ಬಹಳ ಬೇಗ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದಾಗ, ಕಾಲುಗಳಿಂದಲೇ ಸುಮಾರು 1 ಕಿಲೋ ಸ್ನಾಯು ಹೋಗಿತ್ತು. ಗಟ್ಟಿಮುಟ್ಟಾಗಿದ್ದವರ ಕಥೆ ಅದು. ನ್ಯುಮೋನಿಯಾ ಬಂದು ಊಟ ಬಿಟ್ಟ ಅಜ್ಜಿಯ ನಷ್ಟ ಅದಕ್ಕಿಂತ ಹೆಚ್ಚು. ಸ್ನಾಯುವಿನ ಜೊತೆಗೆ ಬೇರೆ ಪೆಟ್ಟುಗಳೂ ಬೀಳುತ್ತವೆ: ಶ್ವಾಸಕೋಶದ ಕೆಳಭಾಗದಲ್ಲಿ ಕಫ ನಿಲ್ಲುತ್ತದೆ, ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮಲ ಕಟ್ಟುತ್ತದೆ, ಬೆನ್ನು ಮತ್ತು ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಏಳುತ್ತದೆ, ಎದ್ದು ನಿಂತರೆ ಬಿಪಿ ದಿಢೀರನೆ ಇಳಿದು ಕಣ್ಣು ಕತ್ತಲೆ ಬರುತ್ತದೆ.

ನಮ್ಮ ಕಡೆ ಇನ್ನೊಂದು ಅಡ್ಡಿ ಇದೆ. ಹಿರಿಯರನ್ನು ಮಲಗಿಸಿ, ತುತ್ತು ಮಾಡಿ ತಿನ್ನಿಸಿ, ಬೆಡ್‌ಪ್ಯಾನ್ ಇಟ್ಟು, "ನೀನು ಸುಮ್ನೆ ಮಲ್ಕ ಅಜ್ಜಿ, ನಾವಿದೀವಿ" ಅನ್ನುವುದನ್ನೇ ಸೇವೆ ಎಂದುಕೊಂಡಿದ್ದೇವೆ. ನೋಡಲು ಬಂದ ನೆಂಟರೂ ಹಾಗೆ ಮಾಡುವ ಮಗಳನ್ನೇ ಹೊಗಳುತ್ತಾರೆ. ಅಜ್ಜಿ ತನ್ನ ಕೈಯಿಂದಲೇ ತಿನ್ನಲೆಂದು ಅರ್ಧ ಗಂಟೆ ಪಕ್ಕದಲ್ಲಿ ಕಾದು ಕೂರುವ ಮಗಳು ಅವರ ಕಣ್ಣಿಗೆ ಸೋಮಾರಿಯಂತೆ ಕಾಣುತ್ತಾಳೆ. ಆ ಮಾತಿಗೆ ಕಿವಿಗೊಡಬೇಡಿ.

ಹಂತ 1: ದಾಖಲಾದ ದಿನವೇ ಬರೆದಿಡಿ, ರೌಂಡ್ಸ್‌ನಲ್ಲಿ ಕೇಳಿ

ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕಾಯಿಲೆ ಬರುವುದಕ್ಕೆ ಎರಡು ವಾರ ಮೊದಲು ಅವರು ಹೇಗಿದ್ದರು? ಊರುಗೋಲು ಇಲ್ಲದೆ ನಡೆಯುತ್ತಿದ್ದರೇ? ಎಷ್ಟು ದೂರ – ಹಿತ್ತಲಿಗೋ, ದೇವಸ್ಥಾನಕ್ಕೋ, ಹೊಲಕ್ಕೋ? ಸ್ನಾನ ತಾವೇ ಮಾಡುತ್ತಿದ್ದರೇ? ಕಳೆದ 6 ತಿಂಗಳಲ್ಲಿ ಬಿದ್ದಿದ್ದರೇ? ಹಾಸಿಗೆಯಲ್ಲಿ ಮಲಗಿದ 78ರ ಅಜ್ಜನನ್ನು ಮೊದಲ ಸಲ ನೋಡುವ ವೈದ್ಯರಿಗೆ, ಹೋದ ತಿಂಗಳವರೆಗೂ ಅವರೇ ಎಮ್ಮೆ ಮೇಯಿಸಿಕೊಂಡು ಬರುತ್ತಿದ್ದರು ಅನ್ನುವುದು ಗೊತ್ತಿರುವುದಿಲ್ಲ. ನೀವು ಹೇಳಿದರೆ ಅವರ ಗುರಿಯೂ ಬದಲಾಗುತ್ತದೆ.

ರೌಂಡ್ಸ್‌ಗೆ ಬಂದ ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಿ:

– ಇವರನ್ನು ಮಂಚದಿಂದ ಇಳಿಸಬಹುದೇ? ಕುರ್ಚಿಯವರೆಗೋ, ಟಾಯ್ಲೆಟ್‌ವರೆಗೋ, ವಾರ್ಡ್ ಪೂರ್ತಿಯೋ?
– ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? (ಮೂಳೆ ಮುರಿದವರಿಗೆ, ಕೀಲಿನ ಆಪರೇಷನ್ ಆದವರಿಗೆ)
– ಬಿಪಿ, ನಾಡಿ, ಆಕ್ಸಿಜನ್ ಎಷ್ಟಕ್ಕೆ ಬಂದರೆ ನಿಲ್ಲಿಸಬೇಕು?
– ಫಿಸಿಯೋಥೆರಪಿಸ್ಟ್‌ಗೆ ಬರೆದುಕೊಡುತ್ತೀರಾ?

ಉತ್ತರವನ್ನು ಕೇಸ್ ಶೀಟ್‌ನಲ್ಲಿ ಬರೆಯಲು ವಿನಂತಿಸಿ. ಬಾಯಿಮಾತಿನ ಅನುಮತಿ ಶಿಫ್ಟ್ ಬದಲಾದಾಗ ಮುಗಿದುಹೋಗುತ್ತದೆ. ರಾತ್ರಿ ಪಾಳಿಯ ಸಿಸ್ಟರ್ ಬಿದ್ದಾರೆಂಬ ಭಯಕ್ಕೆ "ಇಳಿಸಬೇಡಿ" ಅನ್ನುತ್ತಾರೆ, ಅವರ ದೃಷ್ಟಿಯಲ್ಲಿ ಅದು ಸರಿಯೇ. ಬಾಪೂಜಿ, ಎಸ್‌ಎಸ್, ಬಸವೇಶ್ವರದಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ದೊಡ್ಡ ಡಾಕ್ಟರ ಹಿಂದೆ ಇನ್ನೂ ಕಲಿಯುತ್ತಿರುವ ಪಿಜಿ ವೈದ್ಯರು, ಇಂಟರ್ನ್‌ಗಳು ಇರುತ್ತಾರೆ. ರೌಂಡ್ಸ್‌ನ ಗಡಿಬಿಡಿಯಲ್ಲಿ ಮಾತು ಆಗದಿದ್ದರೆ ಆಮೇಲೆ ಅವರನ್ನು ಹಿಡಿದು ಕೇಳುವುದು ಸುಲಭ. ಜಿಲ್ಲಾ ಆಸ್ಪತ್ರೆಯಲ್ಲಿದ್ದರೆ ಫಿಸಿಯೋಥೆರಪಿ ವಿಭಾಗ ಎಲ್ಲಿದೆ ಎಂದು ವಿಚಾರಿಸಿ. 2010ರ ಆಸುಪಾಸಿನಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಯ ಹಿರಿಯರ ವಾರ್ಡ್ ಮತ್ತು ಫಿಸಿಯೋಥೆರಪಿ ಎರಡನ್ನೂ ಸೇರಿಸಲಾಗಿದೆ. ಬಹುತೇಕ ಕಡೆ ವೈದ್ಯರು ಬರೆದುಕೊಟ್ಟರಷ್ಟೇ ಫಿಸಿಯೋ ಬರುತ್ತಾರೆ, ತಾನಾಗಿ ಬರುವುದಿಲ್ಲ.

ವೈದ್ಯರು ಸ್ಪಷ್ಟವಾಗಿ ಹೇಳುವವರೆಗೆ ಇಳಿಸಬಾರದವರು ಇವರು: ಹೃದಯಾಘಾತವಾಗಿ ಇನ್ನೂ ಎದೆನೋವು ಇರುವವರು, ಬಿಪಿ ಏರಿಸುವ ಔಷಧಿ ಡ್ರಿಪ್‌ನಲ್ಲಿ ಹೋಗುತ್ತಿರುವವರು, ಸೊಂಟ ಮುರಿದು ಆಪರೇಷನ್‌ಗೆ ಕಾಯುತ್ತಿರುವವರು, ಬೆನ್ನುಮೂಳೆಗೆ ಪೆಟ್ಟು ಬಿದ್ದವರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಈಗಷ್ಟೇ ಗೊತ್ತಾದವರು, ಬೆನ್ನಿಗೆ ಚುಚ್ಚಿ ಮರಗಟ್ಟಿಸಿದ್ದು ಇನ್ನೂ ಬಿಡದವರು. ಲಕ್ವ ಹೊಡೆದವರ ವಿಷಯದಲ್ಲಿ ಅವಸರವೂ ಕೆಟ್ಟದ್ದು. ಮೊದಲ 24 ಗಂಟೆಯೊಳಗೇ ಜಾಸ್ತಿ ಎಬ್ಬಿಸಿ ಓಡಾಡಿಸಿದವರ ಚೇತರಿಕೆ ಹಿಂದೆ ಬಿದ್ದಿದ್ದನ್ನು 2015ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ಅಲ್ಲಿ ಯಾವಾಗ, ಎಷ್ಟು ಎನ್ನುವುದನ್ನು ವೈದ್ಯರು ಮತ್ತು ಫಿಸಿಯೋ ಹೇಳಿದ ಮೇಲೇ ಮುಂದುವರಿಯಿರಿ.

ಹಂತ 2: ಮನೆಯಿಂದ ತರಬೇಕಾದ್ದು, ಮಂಚದ ಸುತ್ತ ಸರಿಮಾಡಬೇಕಾದ್ದು

ಕನ್ನಡಕ, ಕಿವಿಯ ಮಿಷನ್ (ಹೊಸ ಸೆಲ್ ಸಮೇತ), ಹಲ್ಲಿನ ಸೆಟ್. "ಆಸ್ಪತ್ರೇಲಿ ಕಳೆದುಹೋಗುತ್ತೆ" ಎಂದು ಈ ಮೂರನ್ನೂ ಮನೆಯಲ್ಲೇ ಬಿಟ್ಟು ಬರುವುದು ಎಲ್ಲರೂ ಮಾಡುವ ತಪ್ಪು. ಕಣ್ಣು ಕಾಣದೆ, ಕಿವಿ ಕೇಳದೆ, ಅಗಿಯಲಾಗದೆ ಇದ್ದವರು ಯಾಕೆ ಎದ್ದಾರು? ಹೆಸರು ಬರೆದ ಡಬ್ಬಿಯಲ್ಲಿ ಹಾಕಿ ದಿಂಬಿನ ಪಕ್ಕದ ಕಪಾಟಿನಲ್ಲಿಡಿ.

ಚಪ್ಪಲಿ: ಹಿಮ್ಮಡಿ ಹಿಡಿದುಕೊಳ್ಳುವ ಪಟ್ಟಿಯಿರುವ, ಅಡಿ ಜಾರದ ಚಪ್ಪಲಿ. ಹವಾಯಿ ಚಪ್ಪಲಿ ಬೇಡ. ಕಾಲು ಊದಿದ್ದಾಗ ಬೆರಳಿನ ಪಟ್ಟಿ ಹಿಡಿತಕ್ಕೆ ಸಿಗುವುದಿಲ್ಲ, ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ. ಬರೀ ಸಾಕ್ಸ್ ಹಾಕಿಕೊಂಡು ನಡೆಸುವುದು ಅದಕ್ಕಿಂತ ಅಪಾಯ.

ಬಟ್ಟೆ: ಅಜ್ಜಿಗೆ ಕಣಕಾಲಿನ ಮೇಲೆ ನಿಲ್ಲುವ ನೈಟಿ. ಸೀರೆಯೇ ಬೇಕೆಂದು ಹಟ ಹಿಡಿದರೆ ನೆರಿಗೆ ಎತ್ತರಕ್ಕೆ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಅಜ್ಜನ ಲುಂಗಿ ಅಥವಾ ಪಂಚೆ ನೆಲಕ್ಕೆ ತಾಗಬಾರದು. ಸಾಧ್ಯವಾದರೆ ಲಾಡಿಯ ಪೈಜಾಮ ಒಳ್ಳೆಯದು.

ಮಂಚ: ಚಕ್ರದ ಬ್ರೇಕ್ ಹಾಕಿದೆಯೇ ಎಂದು ಕೈಯಿಂದ ತಳ್ಳಿ ನೋಡಿ. ಆಸ್ಪತ್ರೆಯ ಮಂಚಗಳು ಗಿಡ್ಡ ಅಜ್ಜಿಯರಿಗೆ ಎತ್ತರ. ಅಂಚಿನಲ್ಲಿ ಕೂತರೆ ಪಾದ ನೆಲಕ್ಕೆ ಪೂರ್ತಿ ಊರಬೇಕು. ಎತ್ತರ ಇಳಿಸುವ ಹ್ಯಾಂಡಲ್ ಇದ್ದರೆ ತಿರುಗಿಸಿ ಇಳಿಸಿ. ಇಲ್ಲದಿದ್ದರೆ ಅಗಲವಾದ, ನಾಲ್ಕೂ ಕಾಲಿಗೆ ರಬ್ಬರ್ ಇರುವ ಕಬ್ಬಿಣದ ಮೆಟ್ಟಿಲನ್ನು ಕೇಳಿ ಪಡೆಯಿರಿ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕಾಲಿಡಿಸಬೇಡಿ, ಅಂಚಿಗೆ ಭಾರ ಬಿದ್ದರೆ ಮಗುಚುತ್ತದೆ.

ಕುರ್ಚಿ: ಕೈ ಇರುವ ಗಟ್ಟಿ ಕುರ್ಚಿ, ಬೆನ್ನು ಗೋಡೆಗೆ ತಾಗಿಸಿ ಇಟ್ಟದ್ದು. ಪ್ಲಾಸ್ಟಿಕ್ ಕುರ್ಚಿಯಾದರೆ ಏಳುವಾಗ ಹಿಂದಕ್ಕೆ ಸರಿಯುತ್ತದೆ, ಅದಕ್ಕೇ ಗೋಡೆ. ಮಂಚದ ಕೆಳಗೆ ಚಾಪೆ, ಬ್ಯಾಗು, ಟಿಫಿನ್ ಕ್ಯಾರಿಯರ್ ಚೆಲ್ಲಾಡಿಕೊಂಡಿದ್ದರೆ ಎಲ್ಲವನ್ನೂ ಒಂದೇ ಬದಿಗೆ ತಳ್ಳಿ. ಅಜ್ಜಿ ಇಳಿಯುವ ಬದಿ ಖಾಲಿ ಇರಲಿ. ರಾತ್ರಿ ನೀವು ಮಲಗುವ ಚಾಪೆಯೂ ಆ ಬದಿಯಲ್ಲಿ ಬೇಡ.

ಹಂತ 3: ಮಲಗಿದಲ್ಲೇ ಮಾಡುವ ಐದು ಕೆಲಸ

ಇಳಿಸಲು ಇನ್ನೂ ಅನುಮತಿ ಸಿಗದವರಿಗೂ ಇವುಗಳಲ್ಲಿ ಹೆಚ್ಚಿನವು ಆಗುತ್ತವೆ, ಒಮ್ಮೆ ಕೇಳಿಕೊಂಡರೆ ಸಾಕು.

1. ಪಾದವನ್ನು ಮುಖದ ಕಡೆಗೆ ಎಳೆದು, ಮತ್ತೆ ಕೆಳಕ್ಕೆ ಚಾಚುವುದು. 20 ಸಲ, ಎಚ್ಚರವಿದ್ದಾಗ ಗಂಟೆಗೊಮ್ಮೆ. ಮೀನಖಂಡ ಹಿಂಡಿದಾಗ ರಕ್ತ ಮೇಲಕ್ಕೆ ಏರುತ್ತದೆ.
2. ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಎಣಿಸುವುದು. ಒಂದೊಂದು ಕಾಲಿಗೆ 10.
3. ಹಿಮ್ಮಡಿಯನ್ನು ಹಾಸಿಗೆಯ ಮೇಲೇ ಜಾರಿಸಿ ಮೊಣಕಾಲು ಮಡಿಸಿ ಚಾಚುವುದು. ತಲಾ 10.
4. ಎರಡೂ ಮೊಣಕಾಲು ಮಡಿಸಿ ಸೊಂಟ ತುಸು ಎತ್ತುವುದು, 5 ಸಲ. ಹೊಟ್ಟೆಯ, ಸೊಂಟದ ಅಥವಾ ಬೆನ್ನಿನ ಆಪರೇಷನ್ ಆದವರಿಗೆ ಇದು ಬೇಡ.
5. ಆಳವಾಗಿ ಉಸಿರೆಳೆದು 3 ಎಣಿಸಿ ಬಿಡುವುದು, 10 ಸಲ.

ಉಸಿರು ಬಿಗಿಹಿಡಿದು ಮುಕ್ಕುವುದು ಹಿರಿಯರ ಅಭ್ಯಾಸ. ಆಗ ಬಿಪಿ ಏರುಪೇರಾಗುತ್ತದೆ. ಗಟ್ಟಿಯಾಗಿ ಎಣಿಸಲು ಹೇಳಿ. ಎಣಿಸುವ ಬಾಯಿ ಉಸಿರು ಹಿಡಿಯಲಾರದು.

ಮೂರು ಚೆಂಡಿನ ಉಸಿರಾಟದ ಡಬ್ಬಿ (ಸ್ಪೈರೋಮೀಟರ್) ಕೊಟ್ಟಿದ್ದರೆ ಒಂದು ಮಾತು. ಪೀಪಿಯಂತೆ ಊದುವವರೇ ಹೆಚ್ಚು. ಅದು ಊದುವ ಸಾಮಾನಲ್ಲ, ಎಳನೀರನ್ನು ಸ್ಟ್ರಾದಲ್ಲಿ ಹೀರಿದಂತೆ ನಿಧಾನ ಗಾಳಿ ಎಳೆಯಬೇಕು. ಕೂತು ಎಳೆಯಬೇಕು, ಮಲಗಿ ಅಲ್ಲ. ಗಂಟೆಗೆ 10 ಸಲ. ಮೊದಲ ದಿನ ಒಂದೇ ಚೆಂಡು ಏರಿದರೂ ಸಾಕು.

ತಾವಾಗಿ ಮಗ್ಗುಲು ಬದಲಿಸಲಾಗದವರನ್ನು 2 ಗಂಟೆಗೊಮ್ಮೆ ಮಗ್ಗುಲಿಗೆ ಹೊರಳಿಸಿ. ಎಳೆದು ಸರಿಸಬೇಡಿ, ತೆಳುವಾದ ಚರ್ಮ ಉಜ್ಜಿ ಕಿತ್ತುಬರುತ್ತದೆ. ಕೆಳಗಿನ ಬೆಡ್‌ಶೀಟ್ ಹಿಡಿದು ಇಬ್ಬರು ಎತ್ತಿ ಸರಿಸಿ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು ಹುಣ್ಣನ್ನು ಕರೆದಂತೆ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಆ ಮೀನಖಂಡವನ್ನು ಒತ್ತಲೇಬೇಡಿ, ಕೂಡಲೇ ಸಿಸ್ಟರ್‌ಗೆ ತೋರಿಸಿ. ಒಳಗಿನ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಹಂತ 4: ಮಂಚದ ಅಂಚಿಗೆ ತರುವುದು

ಕೈ ಹಿಡಿದು ಎಳೆದು ಕೂರಿಸುವುದು ಎಲ್ಲ ವಾರ್ಡಿನಲ್ಲೂ ಕಾಣುವ ದೃಶ್ಯ. ಹಿರಿಯರ ಭುಜದ ಕೀಲು ಅದಕ್ಕೆ ತಯಾರಿರುವುದಿಲ್ಲ. ಲಕ್ವ ಹೊಡೆದ ಕೈಯನ್ನಂತೂ ಎಳೆದರೆ ಭುಜ ಜಾರಿ ತಿಂಗಳುಗಟ್ಟಲೆ ನೋವು. ಕ್ರಮ ಹೀಗೆ:

ಮೊದಲು ತಲೆಭಾಗ ಎತ್ತಿಸಿ. ಇಳಿಯುವ ಬದಿಗೆ ಪೂರ್ತಿ ಮಗ್ಗುಲಾಗಲು ಹೇಳಿ, ಮೊಣಕಾಲು ಮಡಿಸಲಿ. ಕಾಲುಗಳು ಅಂಚಿನಿಂದ ಕೆಳಗೆ ಇಳಿಯುವಾಗಲೇ ಅವರು ಕೆಳಗಿನ ಮೊಣಕೈ, ಮೇಲಿನ ಅಂಗೈ ಊರಿ ಏಳಲಿ. ನಿಮ್ಮ ಒಂದು ಕೈ ಹೆಗಲ ಹಿಂದೆ, ಇನ್ನೊಂದು ಮೊಣಕಾಲ ಹೊರಬದಿಗೆ. ಕಾಲಿನ ಭಾರವೇ ಮೈಯನ್ನು ಮೇಲಕ್ಕೆತ್ತುತ್ತದೆ, ನೀವು ಎತ್ತಬೇಕಿಲ್ಲ. ಹೊಟ್ಟೆಯ ಆಪರೇಷನ್ ಆದವರು ಗಾಯದ ಮೇಲೆ ಸಣ್ಣ ದಿಂಬು ಒತ್ತಿಹಿಡಿದುಕೊಳ್ಳಲಿ, ಕೆಮ್ಮುವಾಗಲೂ ಹಾಗೆಯೇ.

ಅಂಚಿನಲ್ಲಿ ಕೂತ ಮೇಲೆ 2ರಿಂದ 5 ನಿಮಿಷ ಅಲ್ಲೇ ಇರಲಿ, ಪಾದ ಆಡಿಸುತ್ತಿರಲಿ. ತಲೆ ಸುತ್ತು, ಬೆವರು, ಕಣ್ಣು ಮಂಜು ಇದೆಯೇ ಕೇಳಿ. ಮೊದಲ ದಿನ ಮಲಗಿದ್ದಾಗೊಮ್ಮೆ, ನಿಂತು 3 ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಲು ಸಿಸ್ಟರ್‌ಗೆ ಹೇಳಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ವೈದ್ಯರು ಕಾರಣ ಹುಡುಕಬೇಕು: ನೀರು ಕಡಿಮೆಯಾಗಿರಬಹುದು, ಬಿಪಿ ಮಾತ್ರೆ ಹೆಚ್ಚಾಗಿರಬಹುದು, ಪ್ರಾಸ್ಟೇಟ್ ಮಾತ್ರೆಯೂ ಹಾಗೆ ಮಾಡುತ್ತದೆ. ಬಿಪಿ ಇಳಿಯಿತೆಂದು ಎಬ್ಬಿಸುವುದನ್ನೇ ನಿಲ್ಲಿಸಿದರೆ ಅದು ಇನ್ನಷ್ಟು ಇಳಿಯುತ್ತದೆ. ಅಂಚಿನಲ್ಲಿ ಕೂರಿಸುವುದನ್ನಾದರೂ ಬಿಡದೆ ಮಾಡಿಸಿ.

ಹಂತ 5: ಎದ್ದು ನಿಲ್ಲುವುದು

ಇಡೀ ಲೇಖನದಲ್ಲಿ ಒಂದೇ ವ್ಯಾಯಾಮ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಟಾಯ್ಲೆಟ್‌ಗೆ ಹೋಗುವುದು, ಬಸ್ ಸೀಟಿನಿಂದ ಏಳುವುದು, ದೇವರ ಮುಂದೆ ನಿಲ್ಲುವುದು ಎಲ್ಲವೂ ತೊಡೆಯ ಈ ಒಂದೇ ಶಕ್ತಿಯ ಮೇಲೆ ನಿಂತಿದೆ.

ಅಂಚಿನ ತನಕ ಮುಂದೆ ಜಾರಲಿ. ಪಾದಗಳು ಮೊಣಕಾಲಿಗಿಂತ ತುಸು ಹಿಂದೆ, ಒಂದು ಗೇಣು ಅಂತರದಲ್ಲಿ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ. ಹೆಚ್ಚಿನವರು ಬಾಗದೆ ನೆಟ್ಟಗೆ ಏಳಲು ನೋಡಿ ಹಿಂದಕ್ಕೆ ಬೀಳುತ್ತಾರೆ, ಆಮೇಲೆ "ಶಕ್ತಿ ಇಲ್ಲ" ಅನ್ನುತ್ತಾರೆ. ಅರ್ಧ ತೊಂದರೆ ಶಕ್ತಿಯದಲ್ಲ, ಬಾಗುವುದರದು. ಕೈಯಿಂದ ಮಂಚವನ್ನೋ ಕುರ್ಚಿಯ ಕೈಯನ್ನೋ ಕೆಳಕ್ಕೆ ತಳ್ಳಿ ಏಳಲಿ. ವಾಕರ್ ಹಿಡಿದು ಎಳೆದುಕೊಂಡು ಏಳಬಾರದು, ಅದು ಅವರ ಮೇಲೆಯೇ ಮಗುಚುತ್ತದೆ. ಕೂರುವಾಗ ಧೊಪ್ಪನೆ ಬೀಳದೆ 3 ಎಣಿಸುತ್ತ ಇಳಿಯಲಿ. ತೊಡೆಗೆ ಕೆಲಸ ಸಿಗುವುದೇ ಈ ಇಳಿಯುವಿಕೆಯಲ್ಲಿ.

ಮೊದಲ ದಿನ 3 ಸಲ, ದಿನಕ್ಕೆ ಮೂರು ಹೊತ್ತು. ಸುಲಭವಾದರೆ 5, ಆಮೇಲೆ 10. ತೀರಾ ಕಷ್ಟವಾದರೆ ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಹಾಕಿ ಎತ್ತರ ಮಾಡಿ. ಬಲ ಬಂದಂತೆ ಒಂದೊಂದು ಮಡಿಕೆ ತೆಗೆಯಿರಿ.

ನೀವು ನಿಲ್ಲಬೇಕಾದ ಜಾಗ: ಬಲ ಕಡಿಮೆಯಿರುವ ಬದಿಗೆ, ಅರ್ಧ ಹೆಜ್ಜೆ ಹಿಂದೆ. ಒಂದು ಕೈ ಸೊಂಟದ ಹಿಂದೆ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಕುಸಿದರೆ ತಡೆದು ನಿಲ್ಲಿಸುವ ಸಾಹಸ ಬೇಡ, ಇಬ್ಬರೂ ಬೀಳುತ್ತೀರಿ. ನಿಮ್ಮ ಮೈಗೆ ಒರಗಿಸಿಕೊಂಡು, ತಲೆ ಬಡಿಯದಂತೆ ನಿಧಾನ ನೆಲಕ್ಕೆ ಕೂರಿಸಿ ಸಿಸ್ಟರ್‌ನ ಕೂಗಿ.

ಹಂತ 6: ನಡೆಸುವುದು, ಪೈಪುಗಳ ಸಮೇತ

ಮೊದಲು ಮಂಚದಿಂದ ಕುರ್ಚಿಗೆ, ಆಮೇಲೆ ಟಾಯ್ಲೆಟ್‌ಗೆ, ಆಮೇಲೆ ಕಾರಿಡಾರ್. ದಿನಕ್ಕೆ ಮೂರು ಸಲ, 5 ನಿಮಿಷದಿಂದ ಶುರುಮಾಡಿ. ಅಳತೆಗೆ ಮಂಚಗಳನ್ನೇ ಎಣಿಸಿ: ಇವತ್ತು ನಾಲ್ಕು ಮಂಚದಷ್ಟು, ನಾಳೆ ಆರು. ಚೀಟಿಯಲ್ಲಿ ಬರೆದಿಟ್ಟರೆ ರೌಂಡ್ಸ್‌ನಲ್ಲಿ ತೋರಿಸಬಹುದು. ನಡೆಯುತ್ತ ಒಂದು ವಾಕ್ಯ ಪೂರ್ತಿ ಮಾತಾಡುವಂತಿರಬೇಕು. ಎರಡು ಪದಕ್ಕೇ ಉಸಿರು ಕಟ್ಟಿದರೆ ಆ ದಿನಕ್ಕೆ ಹೆಚ್ಚಾಯಿತು.

ಹೊತ್ತು ಆರಿಸಿಕೊಳ್ಳುವುದರಲ್ಲಿ ಅರ್ಧ ಗೆಲುವಿದೆ. ನೋವಿನ ಮಾತ್ರೆ ಕೊಟ್ಟು ಮುಕ್ಕಾಲು ಗಂಟೆ ಆದಮೇಲೆ ನಡೆಸಿ. ಮೂತ್ರ ಹೋಗಿಸುವ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟ ಮೇಲಿನ ಒಂದೆರಡು ಗಂಟೆ ಕಾರಿಡಾರ್ ಬೇಡ, ಟಾಯ್ಲೆಟ್ ಹತ್ತಿರವೇ ಇರಿ. ಅವಸರದಲ್ಲಿ ಓಡಿ ಬೀಳುವುದು ಆಗಲೇ. ಇನ್ಸುಲಿನ್ ಕೊಟ್ಟು ಊಟ ಕೊಡದೆ ನಡೆಸಬೇಡಿ. ಬೆವರಿ, ನಡುಗಿ, ತೊದಲಿದರೆ ಸಕ್ಕರೆ ಇಳಿದಿದೆ ಎಂದು ತಿಳಿದು ಸಿಸ್ಟರ್‌ಗೆ ಹೇಳಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಮಧ್ಯಾಹ್ನದ ವಾರ್ಡ್ ಕಾದಿರುತ್ತದೆ. ಆಗ ಬೆಳಗ್ಗೆ ಮತ್ತು ಸಂಜೆಗೆ ನಡಿಗೆ ಇಟ್ಟುಕೊಂಡು, ಮಧ್ಯಾಹ್ನಕ್ಕೆ ಎದ್ದು ಕೂರುವುದಷ್ಟೇ ಮಾಡಿ.

ಪೈಪುಗಳ ವಿಷಯ. ಹಿರಿಯರನ್ನು ಮಂಚಕ್ಕೆ ಕಟ್ಟಿಹಾಕುವುದು ಕಾಯಿಲೆಗಿಂತ ಹೆಚ್ಚಾಗಿ ಇವೇ.

ಮೂತ್ರದ ಪೈಪು: ಪ್ರತಿದಿನ ಬೆಳಗ್ಗೆ "ಇದು ಇವತ್ತೂ ಬೇಕಾ, ತೆಗೀಬಹುದಾ?" ಎಂದು ಕೇಳಿ. ಪೈಪು ಇದ್ದಷ್ಟು ದಿನ ಸೋಂಕಿನ ಅಪಾಯ ಏರುತ್ತದೆ. ನಡೆಸುವಾಗ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ಮಂಚದ ಮೇಲೆ ಅಥವಾ ತೊಡೆಯ ಮೇಲೆ ಇಟ್ಟರೆ ಮೂತ್ರ ವಾಪಸ್ ಹರಿಯುತ್ತದೆ. ನೆಲದ ಮೇಲೂ ಎಳೆಯಬೇಡಿ. ಹೊರಡುವ ಮುಂಚೆ ಚೀಲ ಖಾಲಿ ಮಾಡಿಸಿ. "ಮೇಲೆ ಮೇಲೆ ಏಳಿಸೋದು ಕಷ್ಟ, ಪೈಪ್ ಇರಲಿ ಬಿಡಿ" ಎಂದು ಮನೆಯವರೇ ಕೇಳುವುದುಂಟು. ಹಾಗೆ ಕೇಳಿದ ದಿನ ಆ ಹಿರಿಯರು ದಿನಕ್ಕೆ ಐದಾರು ಸಲ ಏಳುವ ಕಾರಣವನ್ನೇ ಕಳೆದುಕೊಳ್ಳುತ್ತಾರೆ. ಡೈಪರ್ ಕೂಡ ಹಾಗೆಯೇ: ನಡೆಯಬಲ್ಲವರಿಗೆ ಅನುಕೂಲಕ್ಕೆಂದು ಹಾಕಬೇಡಿ.

ಸಲೈನ್: ಬಾಟಲಿ ಮುಗಿದ ಮೇಲೆ ಸೂಜಿಗೆ ಮುಚ್ಚಳ ಹಾಕಿಸಿಕೊಂಡು ನಡೆಸಿ. ಹೋಗುತ್ತಲೇ ಇರಬೇಕಾದ್ದಾದರೆ ಚಕ್ರದ ಸ್ಟ್ಯಾಂಡ್ ಕೇಳಿ. ಬಾಟಲಿ ಕೈಯಲ್ಲಿ ಎತ್ತಿ ಹಿಡಿದುಕೊಂಡು ಹೋಗುವವರು ಅಜ್ಜಿಯನ್ನು ಹಿಡಿಯಲಾರರು. ಸ್ಟ್ಯಾಂಡನ್ನು ಊರುಗೋಲಿನಂತೆ ಒರಗಿ ಹಿಡಿಯುವುದು ಅಪಾಯ, ಅದು ಉರುಳುತ್ತದೆ.

ಆಕ್ಸಿಜನ್: ತೆಗೆದು ನಡೆಸಬಹುದೇ, ಚಿಕ್ಕ ಸಿಲಿಂಡರ್ ಜೊತೆಗೆ ಬೇಕೇ ಎಂದು ಕೇಳದೆ ತೆಗೆಯಬೇಡಿ. ಆಕ್ಸಿಜನ್ ಅಳೆಯುವ ಬೆರಳಿನ ಮಿಷನ್ ಹಾಕಿಕೊಂಡೇ ನಡೆಸಿ. ವೈದ್ಯರು ಬೇರೆ ಅಂಕಿ ಹೇಳಿರದಿದ್ದರೆ 90ಕ್ಕಿಂತ ಕೆಳಗೆ ಇಳಿದ ಕೂಡಲೇ ಕೂರಿಸಿ. ಹಳೆಯ ದಮ್ಮಿನ ಕಾಯಿಲೆ ಇರುವವರಿಗೆ ಈ ಅಂಕಿ ಬೇರೆ ಇರಬಹುದು.

ವಾಕರ್ ಎತ್ತರ: ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು. ನೆರೆಯ ಮಂಚದವರ ವಾಕರ್ ಎರವಲು ತಂದರೆ ಮೊದಲು ಇದನ್ನು ಸರಿಮಾಡಿ, ನಾಲ್ಕೂ ಕಾಲಿನ ರಬ್ಬರ್ ಇದೆಯೇ ನೋಡಿ. ಊರುಗೋಲಾದರೆ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲ ಮೊಣಕಾಲು ನೋವೆಂದರೆ ಎಡಗೈ. ಇದನ್ನು ತಪ್ಪಾಗಿ ಹಿಡಿಯುವವರೇ ಹೆಚ್ಚು.

ಎದೆನೋವು, ತಣ್ಣನೆಯ ಬೆವರು, ಮುಖ ಬಿಳಿಚುವುದು, ಎದೆ ಜೋರಾಗಿ ಹೊಡೆದುಕೊಳ್ಳುವುದು, ಮಾತು ತೊದಲುವುದು, ಒಂದು ಬದಿ ಬಲ ಕುಂದುವುದು – ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ಕೂರಿಸಿ, ವಾಪಸ್ ನಡೆಸಿಕೊಂಡು ಬರಬೇಡಿ, ಸಿಬ್ಬಂದಿಯನ್ನು ಕರೆಯಿರಿ.

ಟಾಯ್ಲೆಟ್ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಲು ಬಿಡಬೇಡಿ. ನೀವು ಹೊರಗೆ ನಿಂತು ಬಾಗಿಲು ಎಳೆದುಕೊಂಡಿದ್ದರೆ ಮಾನವೂ ಉಳಿಯಿತು, ಜೀವವೂ ಉಳಿಯಿತು. ವಾರ್ಡಿನಲ್ಲಿ ಕುಕ್ಕುರುಗಾಲಿನ ಟಾಯ್ಲೆಟ್ ಮಾತ್ರ ಇದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿ ತಂದು ಅದರ ಮೇಲಿಡಿ, ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮನೆಗೂ ಆಗುತ್ತದೆ.

ಹಂತ 7: ಮೂರು ಹೊತ್ತಿನ ಊಟ ಕುರ್ಚಿಯಲ್ಲಿ

ಬೇರೇನೂ ಮಾಡಲಾಗದ ದಿನವೂ ಇದೊಂದನ್ನು ಮಾಡಿ. ಊಟಕ್ಕೆ ಅರ್ಧ ಗಂಟೆ, ಊಟವಾದ ಮೇಲೆ ಅರ್ಧ ಗಂಟೆ ಕುರ್ಚಿಯಲ್ಲಿ ಕೂತರೆ ದಿನಕ್ಕೆ ಮೂರು ಗಂಟೆ ಮಂಚ ಬಿಟ್ಟಂತಾಯಿತು. ನುಂಗಿದ್ದು ಶ್ವಾಸನಾಳಕ್ಕೆ ಹೋಗುವುದೂ ಕಡಿಮೆ. ಒಂದೇ ಸಲ ಎರಡು ಗಂಟೆಗಿಂತ ಹೆಚ್ಚು ಕೂರಿಸಬೇಡಿ, ಪೃಷ್ಠದ ಚರ್ಮಕ್ಕೂ ಬಿಡುವು ಬೇಕು. ತಟ್ಟೆ, ಲೋಟ ಅವರ ಕೈಗೆ ಸಿಗುವಲ್ಲಿರಲಿ. ಚೆಲ್ಲಿದರೆ ಚೆಲ್ಲಲಿ.

ಸ್ನಾಯು ಉಳಿಯಲು ನಡಿಗೆಯಷ್ಟೇ ಪ್ರೋಟೀನ್ ಬೇಕು. ಕಾಯಿಲೆ ಬಿದ್ದ ಹಿರಿಯರಿಗೆ ತೂಕದ ಒಂದು ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ, 50 ಕಿಲೋ ಇದ್ದರೆ 60ರಿಂದ 75 ಗ್ರಾಂ. ಈಗ ಮಂಚದ ಪಕ್ಕದ ಕಪಾಟಿನ ಮೇಲೆ ಏನಿದೆ ನೋಡಿ: ಬ್ರೆಡ್ಡು, ಗ್ಲೂಕೋಸ್ ಬಿಸ್ಕತ್ತು, ಮೂಸಂಬಿ, ಎಳನೀರು. ಇವುಗಳಲ್ಲಿ ಪ್ರೋಟೀನ್ ಇಲ್ಲದಷ್ಟೇ. ತೆಳು ಗಂಜಿಯಲ್ಲಿ ಹೆಚ್ಚಿನದು ನೀರು. ಮಂಡಕ್ಕಿ ಬಾಯಿಗೆ ರುಚಿ, ಹೊಟ್ಟೆಗೆ ಹಗುರ, ಸ್ನಾಯುವಿಗೆ ಏನೂ ಸಿಗದು. ಬದಲಿಗೆ: ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 200 ಮಿಲೀ ಹಾಲಿನಲ್ಲಿ 6 ಗ್ರಾಂ, 30 ಗ್ರಾಂ ಬೇಳೆ ಬೇಯಿಸಿದರೆ 6ರಿಂದ 7 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ. ಮುದ್ದೆ ಬಿಟ್ಟು ಬೇರೆ ತಿನ್ನದ ದುರ್ಗದ ಕಡೆಯ ಅಜ್ಜನಿಗೆ ಮುದ್ದೆಯನ್ನು ಸಣ್ಣದು ಮಾಡಿ ಜೊತೆಯ ಗಟ್ಟಿ ಬೇಳೆ ಸಾರನ್ನು ದೊಡ್ಡ ಬಟ್ಟಲು ಮಾಡಿ. ರೊಟ್ಟಿ ಅಗಿಯಲಾಗದಿದ್ದರೆ ಹಾಲಿನಲ್ಲೋ ಸಾರಿನಲ್ಲೋ ನೆನೆಸಿ, ಮೊಸರಿನ ಜೊತೆ ಶೇಂಗಾ ಚಟ್ನಿಪುಡಿ ಕಲಸಿ ಕೊಡಿ. ಬಿಪಿ ಇದ್ದರೆ ಆ ಪುಡಿಗೆ ಉಪ್ಪು ಕಡಿಮೆ ಇರಲಿ.

ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ನಡೆಯದು, ವೈದ್ಯರು ಹೇಳಿದಷ್ಟೇ. ಅವರಿಗೆ ಎಳನೀರೂ ಕೇಳದೆ ಬೇಡ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಹೃದಯ ಬಲ ಕಡಿಮೆ ಇದ್ದವರಿಗೆ ನೀರಿನ ಮಿತಿ ಇರುತ್ತದೆ. ನುಂಗುವಾಗ ಕೆಮ್ಮು ಬರುವ ಲಕ್ವ ರೋಗಿಗೆ, ನುಂಗುವ ಪರೀಕ್ಷೆ ಆಗುವವರೆಗೆ, ಒಂದು ಚಮಚ ನೀರನ್ನೂ ಹಾಕಬೇಡಿ.

ಹಂತ 8: ಹಗಲನ್ನು ಹಗಲಾಗಿ, ರಾತ್ರಿಯನ್ನು ರಾತ್ರಿಯಾಗಿ ಇಡುವುದು

ಮೊನ್ನೆಯವರೆಗೂ ಚೆನ್ನಾಗಿ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ತೀರಿಹೋದ ಗಂಡನನ್ನು ಕರೆಯುವುದು, ಸಲೈನ್ ಕೀಳುವುದು, ಅಥವಾ ಕರೆದರೂ ಮಂಕಾಗಿ ಮಲಗಿರುವುದು – ಇದನ್ನು "ವಯಸ್ಸಾಯ್ತು, ಅರಳು ಮರಳು" ಎಂದು ಬಿಡಬೇಡಿ. ದಿನದೊಳಗೆ ಶುರುವಾಗಿ ಏರಿಳಿಯುವ ಈ ಗೊಂದಲಕ್ಕೆ ಡೆಲಿರಿಯಂ ಅನ್ನುತ್ತಾರೆ. ಸೋಂಕು, ಮೂತ್ರ ಕಟ್ಟುವುದು, ಮಲಬದ್ಧತೆ, ಸೋಡಿಯಂ ಇಳಿಯುವುದು, ನಿದ್ದೆ ಮಾತ್ರೆ ಇವೆಲ್ಲ ಕಾರಣ. ಕೂಡಲೇ ವೈದ್ಯರಿಗೆ ಹೇಳಿ. ಕೈ ಕಟ್ಟಿದರೆ ಗಾಬರಿ ಹೆಚ್ಚುತ್ತದೆ. ಪಕ್ಕದ ಕಂಬಿ ಎತ್ತಿಬಿಟ್ಟರೆ ಸಾಕೆಂದು ಚಹಾಕ್ಕೆ ಹೋಗಬೇಡಿ. ಗೊಂದಲದಲ್ಲಿರುವವರು ಕಂಬಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ.

ತಡೆಯುವ ದಾರಿ ಅಗ್ಗದ್ದು. ಬೆಳಗ್ಗೆ ಕಿಟಕಿ ಪರದೆ ಸರಿಸಿ, ಕನ್ನಡಕ ಹಾಕಿಸಿ, ಆ ದಿನದ ಜನತಾವಾಣಿ ಪತ್ರಿಕೆ ಕೈಗೆ ಕೊಟ್ಟು ತಾರೀಕು ಓದಿಸಿ. ಓದು ಬಾರದವರ ಹತ್ತಿರ ಊರಿನ ಮಳೆ, ಮೆಕ್ಕೆಜೋಳದ ರೇಟು, ಅಡಿಕೆ ತೋಟದ ಸುದ್ದಿ ತೆಗೆಯಿರಿ. ಹಗಲು ನಿದ್ದೆ ಅರ್ಧ ಗಂಟೆಗೆ ಸಾಕು. ರಾತ್ರಿ 10ರ ಮೇಲೆ ತಲೆಯ ಮೇಲಿನ ಲೈಟ್ ಆರಿಸಿ, ಮೊಬೈಲ್ ಸದ್ದು ಬೇಡ. ನಿದ್ದೆ ಬರಲಿಲ್ಲವೆಂದು ಮನೆಯಿಂದ ತಂದ ಮಾತ್ರೆ ಕೊಟ್ಟರೆ ಮರುದಿನ ಬೀಳುವುದು ಖಂಡಿತ ಎಂದೇ ಇಟ್ಟುಕೊಳ್ಳಿ.

ಸಂಜೆ ನೋಡಲು ಬರುವ ನೆಂಟರು ದೊಡ್ಡ ಆಸ್ತಿ. ಹತ್ತು ಜನ ಮಂಚದ ಸುತ್ತ ನಿಂತು "ಹೆಂಗಿದೀಯಜ್ಜಿ, ಸೊರಗಿದೀಯಲ್ಲ" ಅನ್ನುವ ಬದಲು, ಒಬ್ಬೊಬ್ಬರಿಗೆ ಒಂದು ಕೆಲಸ ಕೊಡಿ. ಒಬ್ಬರು ಕುರ್ಚಿಗೆ ಇಳಿಸಲಿ, ಇನ್ನೊಬ್ಬರು ಕಾರಿಡಾರ್ ತುದಿಯವರೆಗೆ ಕರೆದೊಯ್ಯಲಿ, ಅಜ್ಜಿ ಎದ್ದು ಕೂರುವುದನ್ನು ಮೊಮ್ಮಗ ಎಣಿಸಲಿ. ಮಗ ಹೇಳಿದರೆ ಏಳದ ಅಜ್ಜಿ ಮೊಮ್ಮಗ ಕೈಚಾಚಿದರೆ ಏಳುತ್ತಾಳೆ.

ಹಂತ 9: ಡಿಸ್ಚಾರ್ಜ್ ಚೀಟಿಗೆ ಮೊದಲು ಮನೆಯನ್ನು ನೆನೆಯಿರಿ

ಮನೆಗೆ ಹೋಗುವ ಎರಡು ದಿನ ಮೊದಲೇ ಫಿಸಿಯೋ ಎದುರು ಇವನ್ನು ಮಾಡಿಸಿ ನೋಡಿ: ಕೈ ಊರದೆ ಕುರ್ಚಿಯಿಂದ ಏಳುವುದು, ಮಲಗುವ ಜಾಗದಿಂದ ಟಾಯ್ಲೆಟ್‌ನಷ್ಟು ದೂರ ನಡೆದು ಬರುವುದು (ಹಿತ್ತಲಿನಲ್ಲಿದ್ದರೆ ಅಷ್ಟು ಹೆಜ್ಜೆ ಲೆಕ್ಕ ಹಾಕಿ), ಮೂರು ನಾಲ್ಕು ಮೆಟ್ಟಿಲು. ಮೆಟ್ಟಿಲಿಗೆ ನಿಯಮ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನೀವು ಹತ್ತುವಾಗ ಅವರ ಹಿಂದೆ, ಇಳಿಯುವಾಗ ಒಂದು ಮೆಟ್ಟಿಲು ಮುಂದೆ.

ಮನೆಯಲ್ಲಿ ಚಾಪೆಯ ಮೇಲೆ ಮಲಗುವವರಾದರೆ ಅಷ್ಟರಲ್ಲಿ ಮಂಚ ಹಾಕಿಸಿ. ನೆಲದಿಂದ ಏಳುವುದು ಕುರ್ಚಿಯಿಂದ ಏಳುವುದಕ್ಕಿಂತ ಬಹಳ ಹೆಚ್ಚು ಕೆಲಸ. ಸೊಂಟದ ಕೀಲು ಬದಲಿಸಿದವರಿಗೆ ನೆಲದ ಮೇಲೆ ಕೂರುವುದು, ಕುಕ್ಕುರುಗಾಲು ಎರಡೂ ಬೇಡವೆಂದು ವೈದ್ಯರು ಹೇಳಿರುತ್ತಾರೆ. ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟಿ ಹೊಡೆಯಿರಿ, ಹಳೆಯ ಮನೆಗಳ ಎತ್ತರದ ಹೊಸ್ತಿಲು ಮಂದ ಕಣ್ಣಿಗೆ ಕಾಣುವುದಿಲ್ಲ. ಬಚ್ಚಲ ಕಲ್ಲಿನ ಪಾಚಿ ತಿಕ್ಕಿಸಿ, ಗೋಡೆಗೆ ಹಿಡಿ ಬೇಕು. ಟವೆಲ್ ಹಾಕುವ ಸರಳು ಹಿಡಿಯ ಕೆಲಸ ಮಾಡುವುದಿಲ್ಲ, ಭಾರ ಬಿದ್ದರೆ ಕಿತ್ತುಬರುತ್ತದೆ.

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ವ್ಯಾಯಾಮವನ್ನೂ ಬರೆಸಿಕೊಳ್ಳಿ: ಏನು, ಎಷ್ಟು ಸಲ, ಯಾವಾಗ ಹೆಚ್ಚಿಸುವುದು. ಆಪರೇಷನ್ ಆದವರಾದರೆ ಕಾಲಿನ ಮೇಲೆ ಪೂರ್ತಿ ಭಾರ ಯಾವತ್ತಿನಿಂದ ಎಂಬ ತಾರೀಕನ್ನೂ. ಊರಿಗೆ ಬಸ್ಸಿನಲ್ಲಿ ಹೋಗುವ ಯೋಚನೆ ಇದ್ದರೆ ಬಸ್ಸಿನ ಮೊದಲ ಮೆಟ್ಟಿಲು ಆಸ್ಪತ್ರೆಯ ಮೆಟ್ಟಿಲಿಗಿಂತ ಎತ್ತರ ಎಂಬುದು ಗೊತ್ತಿರಲಿ. ಫಿಸಿಯೋಗೆ ಹೇಳಿ ಅಷ್ಟು ಎತ್ತರದ ಸ್ಟೂಲಿನ ಮೇಲೆ ಒಮ್ಮೆ ಹತ್ತಿಸಿ ನೋಡಿ. ಆಗದಿದ್ದರೆ ಆಟೋ ಅಥವಾ ಕಾರು ಮಾಡಿಕೊಳ್ಳಿ. ಕಾರಿನಲ್ಲಿ ಮೊದಲು ಸೀಟಿಗೆ ಬೆನ್ನು ಮಾಡಿ ಕೂರಿಸಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಿ. ಜಗಳೂರಿನಂಥ ದೂರದ ಊರಾದರೆ ನಡುವೆ ಒಮ್ಮೆ ನಿಲ್ಲಿಸಿ, ಇಳಿಸಿ, ಹತ್ತು ಹೆಜ್ಜೆ ನಡೆಸಿ.